ತಂಗಿಯ ಪಾಠಕ್ಕೆ ನನ್ನ ಮೈಕು

ಜನರನ್ನು ಎಚ್ಚರವಾಗಿಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹೊನ್ನಾವರದಿಂದ ಮಿರ್ಜಾನದವರೆಗೆ ಯಾರೂ ಇಲ್ಲವೆಂದು ನಂಬಿದ್ದೆ. ನಾನು ಓದಿದ್ದು ಏಳನೆಯ ಇಯತ್ತೆ. ಆದರೆ ರಿಕ್ಷಾಕ್ಕೆ ಮೈಕು ಕಟ್ಟಿ ಯಕ್ಷಗಾನದ ಪ್ರಚಾರಕ್ಕೆ ಹೊರಟರೆ ಊಟಕ್ಕೆ ಕೂತವರೂ ಎಂಜಲು ಕೈಯಲ್ಲೇ ಅಂಗಳಕ್ಕೆ ಬರುತ್ತಿದ್ದರು.

ನನ್ನ ತಂಗಿ ಸವಿತಾ ಕುಮಟಾದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅರ್ಥಶಾಸ್ತ್ರ. ಅವಳ ತರಗತಿಯಲ್ಲಿ ಮಕ್ಕಳು ಸಾಲುಸಾಲಾಗಿ ನಿದ್ರಿಸುತ್ತಿದ್ದರು. ಗುರುವಾರ ಪ್ರಿನ್ಸಿಪಾಲರು ಬಂದು ಹಿಂದಿನ ಬೆಂಚಿನಲ್ಲಿ ಕೂರುವರೆಂದೂ, ಪಾಠ ಮೆಚ್ಚದಿದ್ದರೆ ಕೆಲಸ ಹೋಗುವುದೆಂದೂ ಕಣ್ಣೀರು ಹಾಕಿದಳು.

ನನ್ನೆದುರು ಒಮ್ಮೆ ಪಾಠ ಮಾಡಿಸಿ ನೋಡಿದೆ.

"ಇದೆಂತ ಪಾಠವೇ? ನೀನು ಪುಸ್ತಕ ನೋಡಿ ಓದೂದು, ಅವರು ಬರಕೊಳ್ಳೂದು. ಸತ್ತವರ ಮನೇಲೂ ಇದಕ್ಕಿಂತ ಗದ್ದಲ ಇರ್ತದೆ."

"ಹಂಗಾರೆ ನೀನೇ ಹೇಳ್ಕೊಡು ಅಣ್ಣಾ."

ಹೇಳಿಕೊಟ್ಟೆ. ಪ್ರಚಾರದ ಮೂಲ ನಿಯಮ ಒಂದೇ: ಕಥೆಯನ್ನು ಎತ್ತಬೇಕು, ಬಿಚ್ಚಬಾರದು. ಎಲ್ಲವೂ ರಿಕ್ಷಾದಲ್ಲೇ ಗೊತ್ತಾದರೆ ಆಟಕ್ಕೆ ಯಾರು ಬರುತ್ತಾರೆ?

ಗುರುವಾರ ನಾನು ಕಿಟಕಿಯ ಹೊರಗೆ ನಿಂತಿದ್ದೆ. ಸವಿತಾ ಗುಡುಗಿದಳು. "ಬಂಗುಡೆ ಮೀನಿನ ಬೆಲೆ ಗಗನಕ್ಕೇರಿತು! ಕಾರಣ ಯಾರು? ಬೇಡಿಕೆಯೋ? ಪೂರೈಕೆಯೋ? ಕಾದು ನೋಡಿ!"

ಒಬ್ಬನೂ ಕಣ್ಣು ಮುಚ್ಚಲಿಲ್ಲ. ಗಂಟೆ ಬಾರಿಸುವವರೆಗೂ ಕಾದರು. ನಾನು ಮೀಸೆ ತಿರುವಿದೆ.

ಪ್ರಿನ್ಸಿಪಾಲರು ಎದ್ದು ಒಬ್ಬ ಹುಡುಗಿಯನ್ನು ಕೇಳಿದರು. "ಬೆಲೆ ಯಾಕೆ ಏರಿತು?"

"ಹೇಳಲಿಲ್ಲ ಸರ್. ನಾಳೆ ಬಂದ್ರೆ ಗೊತ್ತಾಗ್ತದಂತೆ."

ಸವಿತಾ ನನ್ನತ್ತ ನೋಡಿದ ಆ ನೋಟ ನನ್ನ ಶತ್ರುವಿಗೂ ಬೇಡ.

ತಪ್ಪೆಲ್ಲ ನನ್ನದೆಂದು ಹೇಳಿ ಅವಳ ಕೆಲಸ ಉಳಿಸಲು ಸಂಜೆ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಸಜ್ಜನರು.

"ಇನ್ನೊಂದು ಅವಕಾಶ ಕೊಡುವಾ. ಆದ್ರೆ ಮಕ್ಕಳನ್ನು ಹಿಡಿದಿಡುವ ಪಾಠ ಅಂದ್ರೆ ಎಂತದು ಅಂತ ಮೊದಲು ನೀವು ಕೇಳಿ, ಮತ್ತೆ ತಂಗಿಗೆ ಹೇಳಿ" ಎಂದು ವಿವರಿಸತೊಡಗಿದರು. ಬೋಧನೆಯ ಉದ್ದೇಶಗಳು, ಉದ್ದೇಶಗಳ ಪ್ರಕಾರಗಳು, ಪ್ರಕಾರಗಳ ಲಕ್ಷಣಗಳು... ಅವರ ದನಿಯೂ ಫ್ಯಾನಿನ ದನಿಯೂ ನಿಧಾನವಾಗಿ ಒಂದೇ ಆದವು.

ಜವಾನ ಭುಜ ಅಲುಗಾಡಿಸಿದ.

"ಏಳಿ ಮಾರಾಯ್ರೆ. ಸರ್ ಮನೆಗೆ ಹೋದ್ರು. ನಿಮ್ಮ ಗೊರಕೆ ತಡೀಲಾರದೆ, ತಂಗಿಯ ಜಾಗಕ್ಕೆ ಬೇರೆಯವರನ್ನು ಹುಡುಕಿ ಅಂದ್ರು."

ಸವಿತಾ ಮನೆಯ ಬಾಗಿಲಲ್ಲೇ ಕಾದಿದ್ದಳು. "ಎಂತ ಆತು ಅಣ್ಣಾ?"

ಏನೆಂದು ಹೇಳಲಿ? ಅವಳ ತರಗತಿಯಲ್ಲಿ ಮಲಗಿದ ಅಷ್ಟೂ ಮಕ್ಕಳು ಸೇರಿ ಅವಳ ಕೆಲಸ ಕಳೆಯಲು ಆಗಿರಲಿಲ್ಲ. ಅದಕ್ಕೆ ನಾನೊಬ್ಬ ಮಲಗಬೇಕಾಯಿತು.