ಹೊಗೆಯನ್ನು ಮನೆಯಿಂದ ಹೊರಹಾಕಿದ ಬೇಸಿಗೆ

ನಿಮಗೂ ಹೀಗಾಗಿದೆಯಾ, ನಿಜ ಹೇಳಿ? ಯಾರಿಗೋ ಉಪಕಾರ ಮಾಡುತ್ತೇನೆಂದು ಹೋಗಿ, ಅವರ ಮನೆಯಲ್ಲಿ ಚೆನ್ನಾಗಿದ್ದದ್ದನ್ನು ಕೆಡಿಸಿ, ಆಮೇಲೆ ಅವರು ಬಡಿಸಿದ್ದನ್ನೇ ಉಂಡು ಬಂದದ್ದು? ನನಗಾಗಿದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತವೆ.

ಎಂಬತ್ತರ ದಶಕದ ಮಾತು. ನಾನು ರಾಯಚೂರಲ್ಲಿ ಡಿಗ್ರಿ ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ಕಾಲೇಜಿನವರನ್ನು ಲಂಬಾಣಿ ತಾಂಡಾಗಳಿಗೆ ಕಳಿಸುವ ಯೋಜನೆಯೊಂದು ಬಂತು. ಕಾಡಿನ ಕಟ್ಟಿಗೆ ಉಳಿಸಲು ಹೊಗೆಯಿಲ್ಲದ ಒಲೆ ಹಾಕಿಕೊಡಬೇಕು, ಬಿಡುವಿದ್ದಾಗ ಅಲ್ಲಿಯ ಹಾಡು, ಕಸೂತಿಗಳ ವಿವರ ಬರೆದುಕೊಳ್ಳಬೇಕು. ಮೂರು ದಿನದ ತರಬೇತಿ ಮುಗಿಸಿ ನಾನು ಒಲೆ ತಜ್ಞನಾದೆ. ಅಲ್ಲಿಯವರೆಗೆ ನಾನು ಒಲೆಯ ಹತ್ತಿರ ಹೋಗುತ್ತಿದ್ದದ್ದು ರೊಟ್ಟಿ ಆಯಿತೇ ಎಂದು ಕೇಳಲು ಮಾತ್ರ. ಮನೆಯಲ್ಲಿ ಅವ್ವ ಊದುಗೊಳವೆ ಹಿಡಿದು ಕೆಮ್ಮುತ್ತಲೇ ಇದ್ದಳು. ಅವಳಿಗೊಂದು ಒಲೆ ಹಾಕಿಕೊಡಬೇಕೆಂದು ಹೊಳೆಯಲೇ ಇಲ್ಲ. ಅವ್ವ ಯೋಜನೆಯಲ್ಲಿ ಬರುತ್ತಿರಲಿಲ್ಲವಲ್ಲ.

ನನ್ನನ್ನು ಹಾಕಿದ್ದು ದೇವದುರ್ಗ ತಾಲೂಕಿನ ಮಸರಕಲ್ ಕಡೆಯ ತಾಂಡಾಕ್ಕೆ. ಮೊದಲ ಒಲೆ ಚಾಂದಿಬಾಯಿಯ ಮನೆಯಲ್ಲಿ. ಗಂಡ ತೀರಿಕೊಂಡು, ಇದ್ದ ಒಂದೇ ಹೊಲವನ್ನು ತಾನೇ ಮಾಡಿಸಿಕೊಂಡಿದ್ದ ಗಟ್ಟಿ ಹೆಂಗಸು. ಒಲೆಯ ಮೇಲೆ ಜಂತಿಗೆ ಜೋಳದ ತೆನೆಗಳ ಗೊಂಚಲು ಕಟ್ಟಿದ್ದಳು, ಮಸಿ ಹಿಡಿದು ಕರ್ರಗಾಗಿತ್ತು. ನಾನು ಹಳೆಯ ಒಲೆ ಒಡೆದು, ಮಣ್ಣು ಕಲಸಿ ಹೊಸದನ್ನು ಕಟ್ಟಿ, ಹೊಗೆ ಹೋಗಲು ಮಾಳಿಗೆಯ ಆಚೆಗೆ ಕೊಳವೆ ಏರಿಸಿದೆ.

ಅವಳು ಮೇಲೆ ನೋಡಿ ಕೇಳಿದಳು: “ಹೊಗಿ ಎಲ್ಲಾ ಹೊರಗ ಹೋದ್ರ ತೆನಿಗೆ ಏನ್ ಸಿಗತದ, ತಮ್ಮಾ?”

ನಾನು ನಕ್ಕೆ. ನಕ್ಕು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಶ್ವಾಸಕೋಶದ ಮೇಲೆ ಅರ್ಧ ಗಂಟೆ ಭಾಷಣ ಮಾಡಿದೆ. ಕೋಲಿನಿಂದ ಮಣ್ಣಿನ ಮೇಲೆ ಶ್ವಾಸಕೋಶದ ಚಿತ್ರವನ್ನೂ ಬರೆದೆ. ಅದು ಬದನೆಕಾಯಿಯ ಹಾಗಿತ್ತು ಅನ್ನುವುದು ಬೇರೆ ಮಾತು. ಅವಳು ಪಾಪ, ಓದಿದವನು ಹೇಳುತ್ತಾನೆಂದು ಒಪ್ಪಿಕೊಂಡಳು.

ಹೊಗೆ ನಿಂತಿತು. ಕಣ್ಣುರಿ ಹೋಯಿತೆಂದು ಅವಳೇ ನಾಲ್ಕು ಮಂದಿಗೆ ಹೇಳಿದಳು. ನಾನು ತಾಂಡಾದಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದೆ. ಮುಂಗಾರು ಹತ್ತಿರ ಬಂದಾಗ ಒಂದು ಬೆಳಿಗ್ಗೆ ಚಾಂದಿಬಾಯಿ ನನ್ನ ಮುಂದೆ ಒಂದು ತೆನೆ ಹಿಡಿದು ಕೊಡವಿದಳು. ಹಿಟ್ಟು ಉದುರಿತು, ಜೊತೆಗೆ ನುಸಿ. ಅದು ಬಿತ್ತನೆಯ ಜೋಳ. ದಿನವೂ ಹೊಗೆ ತಾಗುತ್ತಿದ್ದರೆ ಹುಳ ಹತ್ತುವುದಿಲ್ಲವೆಂದೇ ಒಲೆಯ ಮೇಲೆ ಕಟ್ಟುವುದು. ಆ ವರ್ಷದ ಹೊಲವನ್ನೆಲ್ಲ ನಾನು ಕೊಳವೆಯಲ್ಲಿ ಮೇಲಕ್ಕೆ ಕಳಿಸಿಬಿಟ್ಟಿದ್ದೆ.

ಅವಳು ಬೈಯಲಿಲ್ಲ. ಮಾನ್ವಿ ತಾಲೂಕಿನ ಬಾಗಲವಾಡದ ಹತ್ತಿರ ಮಗಳನ್ನು ಕೊಟ್ಟಿದ್ದಳು. ಅದೇ ತಳಿಯ ಬೀಜ ಅಲ್ಲಿ ಸಿಗುತ್ತಿತ್ತು. ಆದರೆ ಹೆಣ್ಣು ಕೊಟ್ಟ ಮನೆಗೆ ಹೋಗಿ ಬೀಜ ಕೇಳುವುದೆಂದರೆ ಅವಳಿಗೆ ಜೀವ ಹೋದ ಹಾಗೆ. ಮನೆಯ ಬೀಜ ಕಾಯಲಾರದವಳು ಎಂಬ ಮಾತು ಮಗಳ ಬೆನ್ನಿಗೂ ಬೀಳುತ್ತದೆ.

“ನೀನೂ ನಡಿ,” ಅಂದಳು. “ಕೇಳಾಕ ನನ್ನ ಮಾರಿ ಒಂದ ಯಾಕ?”

ಎರಡು ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ನಾನು ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿದೆ. ಮಗಳ ಅತ್ತೆ, ಅಂದರೆ ಬೀಗಿತ್ತಿ, ಬೀಜಕ್ಕೆ ನುಸಿ ಹತ್ತಿದೆಯೆಂದು ಚಾಂದಿಬಾಯಿ ಹೇಳಿದ್ದನ್ನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ, ಒಳಗಿದ್ದ ಸೊಸೆಗೂ ಕೇಳುವ ಹಾಗೆ, “ಬೀಜಕ್ಕ ನುಸಿ ಹತ್ತೂತನಕ ನಿದ್ದಿ ಮಾಡಿದ್ಯೇನ ಬೀಗಿತ್ತಿ?” ಅಂದಳು. ನನ್ನ ಕಡೆ ತಿರುಗಿ, “ಇವರ್ಯಾರು?”

ಈಗ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು: “ನಾನು ಹಾಡು ಬರಕೊಳ್ಳಾಕ ಬಂದೀನ್ರಿ.”

ಚಾಂದಿಬಾಯಿ ನನ್ನನ್ನು ಒಮ್ಮೆ ನೋಡಿದಳು. ಹಾಗೆ ನನ್ನ ಹೆಂಡತಿಯೂ ಇಷ್ಟು ವರ್ಷದಲ್ಲಿ ನನ್ನನ್ನು ನೋಡಿಲ್ಲ. ಆಮೇಲೆ ಬೀಗಿತ್ತಿಗೆ ಸಣ್ಣ ದನಿಯಲ್ಲಿ ಹೇಳಿದಳು: “ಹೂಂ, ನಂದ ತಪ್ಪು. ಒಲಿ ಬದಲಿ ಮಾಡಿದೆ, ತೆನಿ ನೆನಪಾಗಲಿಲ್ಲ.”

ಬೀಗಿತ್ತಿ ಬೀಜ ಕೊಟ್ಟಳು, ಊಟಕ್ಕೂ ಕೂರಿಸಿದಳು. ಮಗಳು ತಲೆ ಎತ್ತದೆ ಬಡಿಸಿದಳು. ನಾನು ಮೂರು ರೊಟ್ಟಿ ತಿಂದೆ. ಅಷ್ಟೇ ಅಲ್ಲ, ಹಾಡು ಬರೆದುಕೊಳ್ಳಲು ಬಂದವನಲ್ಲವೇ, ಊಟವಾದ ಮೇಲೆ ಬೀಗಿತ್ತಿ ಹಾಡಿದ ಎರಡು ಹಾಡುಗಳನ್ನು ಬರೆದುಕೊಳ್ಳಲೇಬೇಕಾಯಿತು. ಚಾಂದಿಬಾಯಿ ಬೀಜದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತ ಕೂತಿದ್ದಳು. ಹಿಂದಿರುಗುವ ಬಸ್ಸಿನಲ್ಲಿ ಆ ಗಂಟನ್ನು ನಾನು ಹಿಡಿಯುತ್ತೇನೆಂದೆ. ಅವಳು ಕೊಡಲಿಲ್ಲ.

ರಜೆ ಮುಗಿದ ಮೇಲೆ ವರದಿ ಒಪ್ಪಿಸಬೇಕಿತ್ತು. ಅದರಲ್ಲಿ ಆ ದಿನದ ಬಗ್ಗೆ ನಾನು ಬರೆದದ್ದು ಇಷ್ಟು: “ಮಾನ್ವಿ ತಾಲೂಕಿಗೂ ಭೇಟಿ ನೀಡಿ ಸುಧಾರಿತ ಒಲೆಯ ಬಗ್ಗೆ ಮಹಿಳೆಯರಲ್ಲಿ ಜಾಗೃತಿ ಮೂಡಿಸಲಾಯಿತು.” ಮೇಷ್ಟ್ರು ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ತರಗತಿಗೆಲ್ಲ ಕೇಳುವ ಹಾಗೆ ನನ್ನಿಂದ ಗಟ್ಟಿಯಾಗಿ ಓದಿಸಿದರು. ನಾನು ಎದ್ದು ನಿಂತು ಓದಿದೆ. ಚಪ್ಪಾಳೆಯನ್ನೂ ತಟ್ಟಿಸಿಕೊಂಡೆ.

ನೀವೂ ಯಾರ ಮನೆಯಲ್ಲಾದರೂ ಇಂಥ ಉಪಕಾರ ಮಾಡಿ ಬಂದಿದ್ದರೆ ಕೆಳಗೆ ಬರೆಯಿರಿ. ನನಗಿಂತ ದೊಡ್ಡದು ಸಿಕ್ಕರೆ ಸ್ವಲ್ಪ ಸಮಾಧಾನವಾಗುತ್ತದೆ.