ಸೆಮಿಕೋಲನ್ನಿಗೊಂದು ತಾಳ

ಮೊದಲು ಸಲ್ಲಬೇಕಾದವರಿಗೆ ಕೃತಜ್ಞತೆ ಸಲ್ಲಲಿ. ಅಂಗೈಯಲ್ಲಿ ನೆಲೆಸಿ, ನನ್ನ ಅರೆನಿದ್ದೆಯ ಪೂಜೆಯನ್ನೂ ದೂರದೆ ಸ್ವೀಕರಿಸುತ್ತ ಬಂದಿರುವ ಇಷ್ಟಲಿಂಗಕ್ಕೆ ಶರಣು. ಗೋಕಾಕದ ಪಾಠಶಾಲೆಯಲ್ಲಿ ಅನ್ನವಿಕ್ಕಿ, ಅಕ್ಷರ ಕಲಿಸಿ, ಬೆಳಗಿನ ಜಾವ ತೂಕಡಿಸಿದಾಗ ಕಿವಿ ಹಿಂಡಿ ಎಚ್ಚರಿಸಿದ ಗುರುಗಳಿಗೆ ಶರಣು. ಅವರ ಪಕ್ಕದಲ್ಲಿಯೇ ನನ್ನ ಸೊಸೆ ಶೈಲಾಳಿಗೂ ಒಂದು ಶರಣು. ಮಾವನಾದವನು ಸೊಸೆಗೆ ಶರಣೆನ್ನುವುದು ನಮ್ಮ ಕಡೆ ರೂಢಿಯಲ್ಲ. ಆದರೆ ಮಾವನಾದವನು ಸೊಸೆಯ ತರಗತಿಯನ್ನು ಕೆಡಿಸುವುದೂ ರೂಢಿಯಲ್ಲವಾದ್ದರಿಂದ, ಎರಡನೆಯದನ್ನು ಮಾಡಿದವನು ಮೊದಲನೆಯದಕ್ಕೆ ಸಂಕೋಚಪಡುವುದು ಸರಿಯಲ್ಲವೆಂದು ತಲೆಬಾಗಿದ್ದೇನೆ.

ಕಂಠಪಾಠವೆಂಬುದು ನನ್ನ ಮಟ್ಟಿಗೆ ವಿದ್ಯೆಯ ಒಂದು ವಿಧಾನವಾಗಿರಲಿಲ್ಲ, ಅದೇ ವಿದ್ಯೆಯಾಗಿತ್ತು. ಪಾಠಶಾಲೆಯಲ್ಲಿ ನಮಗೆ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಗೆ ಹಾಕುತ್ತಿದ್ದರು. ಅರ್ಥವು ಮುಂದೆ ಎಂದಾದರೂ ತಾನೇ ಬಂದು ಸೇರಿಕೊಳ್ಳುವುದೆಂಬ ಭರವಸೆ ಗುರುಗಳಿಗಿತ್ತು, ನಮಗೂ ಇತ್ತು. ಆ ಬಾಯಿಯ ಬಲದಿಂದಲೇ ಹುಕ್ಕೇರಿಯ ಸುತ್ತಲಿನ ಊರುಗಳಲ್ಲಿ ಶ್ರಾವಣಮಾಸದ ಪುರಾಣ ಪ್ರವಚನ ಹೇಳಿಕೊಂಡು ಬಂದೆ. ಒಂದು ಗುಟ್ಟನ್ನು ಇಲ್ಲಿಯೇ ಹೇಳಿಬಿಡುವೆ: ನಾನು ಬಹಳ ಗಿಡ್ಡ ಮನುಷ್ಯ. ಪ್ರವಚನದ ಪೀಠ ಎತ್ತರವಾಗಿರುವುದರಿಂದ ಕೇಳುವವರಿಗೆ ಇದು ತಿಳಿಯುವುದಿಲ್ಲ. ಬಹುಕಾಲ ಪೀಠದ ಮೇಲೆಯೇ ಕುಳಿತದ್ದರಿಂದ ನನಗೂ ಮರೆತುಹೋಗಿತ್ತು.

ಶೈಲಾ ಹತ್ತರಗಿಯ ಬದಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ಕಲಿಸುತ್ತಾಳೆ. ಒಂದು ದಿನ ಆಕೆ ಊಟದ ಡಬ್ಬಿ ಮರೆತು ಹೋದಳೆಂದು, ನನ್ನ ಮನೆಯವಳು ನೀಲವ್ವ ಅದನ್ನು ನನ್ನ ಕೈಗಿತ್ತು ಬಸ್ಸು ಹತ್ತಿಸಿದಳು. ಹೋಗಿ ನೋಡುತ್ತೇನೆ, ಕಾಲೇಜಿನ ಅಂಗಳದಲ್ಲಿ ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದಾರೆ. ಪಕ್ಕಪಕ್ಕದ ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿ ಎತ್ತರ ನೋಡಿಕೊಳ್ಳುತ್ತಾರೆ, ಜಾಗ ಬದಲಿಸುತ್ತಾರೆ, ಮುಂದಿನವನ ಹತ್ತಿರ ಹೋಗುತ್ತಾರೆ. ನಡುವೆ ನಗು, ಗದ್ದಲ, "ಏ ಸರೀಲೇ" ಎಂಬ ಮಾತು. ನನ್ನ ಸೊಸೆ ಬಿಸಿಲಿನಲ್ಲಿ ಸೆರಗು ಸಿಕ್ಕಿಸಿ ನಿಂತು, ಯಾರೋ ತಪ್ಪು ಜಾಗಕ್ಕೆ ಹೋದರೆ ತಿದ್ದದೆ, "ಯಾಕ ತಪ್ಪಾತು? ಹೇಳ್ರಿ ನೋಡೋಣು" ಎಂದು ಕೇಳುತ್ತಿದ್ದಾಳೆ. ತಪ್ಪು ಮಾಡಿದವನಿಗೆ ಕಿವಿಯೇ ಇಲ್ಲವೋ ಏನೋ ಎಂಬಂತೆ ಆಕೆಯ ಕೈ ಅತ್ತ ಹೋಗಲಿಲ್ಲ.

ಇದು ಆಟದ ಅವಧಿಯೇನೆಂದು ಕೇಳಿದೆ. ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಮಿನ ಪಾಠವೆಂದಳು. "ಕಂಪ್ಯೂಟರ ಒಳಗ ಇದ ನಡೀತೈತ್ರಿ ಮಾವಾರ. ಒಳಗ ಹೊಕ್ಕ ನೋಡಾಕ ಬರೂದಿಲ್ಲಲ್ಲ, ಅದಕ್ಕ ಹೊರಗ ನಿಂದ್ರಿಸಿ ತೋರಿಸ್ತೀನಿ." ನಾನು ಡಬ್ಬಿ ಕೊಟ್ಟು ಸುಮ್ಮನೆ ಮರಳಿದೆ. ಆದರೆ ದಾರಿಯುದ್ದಕ್ಕೂ, ಕುಳಿತ ಮಣೆಯಿಂದ ಕದಲದೆ ಕಲಿತ ನಮ್ಮ ಕಾಲವನ್ನು ನೆನೆದು ಮರುಗಿದೆ. ಮರುಕವೆಂದು ಆಗ ಅಂದುಕೊಂಡಿದ್ದೆ. ಅದು ಗರ್ವವೆಂದು ಈಗ ತಿಳಿದಿದೆ.

ಆ ಕಾಲೇಜಿನಲ್ಲಿ ಉಳಿದ ಅಧ್ಯಾಪಕರು ಪ್ರೋಗ್ರಾಮನ್ನು ಹೇಳಿ ಬರೆಯಿಸುತ್ತಿದ್ದರಂತೆ. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಇಳಿಸಿ ಬರುತ್ತಿದ್ದರಂತೆ. ಪರೀಕ್ಷೆಯ ಮರುದಿನ ಕೇಳಿದರೆ ಏನೂ ಇರುತ್ತಿರಲಿಲ್ಲವಂತೆ. ಶೈಲಾ ಪ್ರಾಚಾರ್ಯರನ್ನು ಬಹಳ ಕೇಳಿಕೊಂಡು ಒಂದು ತರಗತಿಯನ್ನು ಮಾತ್ರ ತನ್ನ ರೀತಿಯಲ್ಲಿ ಕಲಿಸಲು ಅಪ್ಪಣೆ ಪಡೆದಿದ್ದಳು. ಸೆಮಿಸ್ಟರ್ ಅವಧಿಯ ಕೊನೆಗೆ ಹೊರಗಿನಿಂದ ಪರಿಶೀಲಕರು ಬಂದು, ಮಕ್ಕಳು ನಿಜವಾಗಿ ಕಲಿತಿದ್ದಾರೆಯೇ ಎಂದು ನೋಡುವರು. ಕಲಿತಿದ್ದರೆ ಮುಂದುವರಿಸಬಹುದು, ಇಲ್ಲವಾದರೆ ಆಕೆಯೂ ಎಲ್ಲರಂತೆ ಹೇಳಿ ಬರೆಯಿಸಬೇಕು. ಆ ಇಡೀ ಅವಧಿ ಸೊಸೆ ರೊಟ್ಟಿ ಬಡಿಯುವಾಗಲೂ ಆ ತರಗತಿಯ ಮಾತನ್ನೇ ಆಡಿದಳು. ಯಾವ ಹುಡುಗ ಎಲ್ಲಿ ತೊಡರಿದ, ಯಾವ ಹುಡುಗಿ ತೊಡರಿದ್ದನ್ನು ತಾನೇ ಹೇಗೆ ಬಿಡಿಸಿಕೊಂಡಳು ಎಂದು ಹೇಳುವಾಗ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಸೀದ ರೊಟ್ಟಿ ನನ್ನ ತಟ್ಟೆಗೆ ಬೀಳುತ್ತಿತ್ತಾದ್ದರಿಂದ, ಆಕೆಯ ಬೋಧನಕ್ರಮದ ಬಗ್ಗೆ ನನಗೆ ಆಗಲೇ ಸದಭಿಪ್ರಾಯವಿರಲಿಲ್ಲ.

ಪರಿಶೀಲಕರು ಬರುವ ವಾರವೇ, ಮೂಡಲಗಿಯಲ್ಲಿ ಆಕೆಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಶೈಲಾ ಹೋಗಲೇಬೇಕಾಯಿತು. ಕಾಲೇಜಿನಲ್ಲಿ ಬದಲಿಗೆ ಯಾರೂ ಇರಲಿಲ್ಲ. ನನ್ನ ಪ್ರವಚನದಲ್ಲಿ ಮುಂದಿನ ಸಾಲಿಗೆ ಕೂರುವ ಪ್ರಾಚಾರ್ಯರು ಮನೆಗೆ ಬಂದು ಕೈಮುಗಿದರು. "ಬರೇ ಬಂದ ಕುಂತ ಹೋಗ್ರಿ ಶಾಸ್ತ್ರಿಗಳ. ನಿಮ್ಮನ್ನ ನೋಡಿದ್ರ ಹುಡುಗ್ರು ಗದ್ದಲಾ ಮಾಡೂದಿಲ್ಲ." ಶೈಲಾ ಬಸ್ಸು ಹತ್ತುವ ಮುನ್ನ ನನ್ನ ಕಾಲಿಗೆರಗಿ ಒಂದೇ ಮಾತು ಹೇಳಿದಳು. "ಏನೂ ಕಲಸಾಕ ಹೋಗಬ್ಯಾಡ್ರಿ ಮಾವಾರ. ಅವ್ರ ಕೆಲಸಾ ಅವ್ರಿಗೆ ಹಚ್ಚೇನಿ. ಸುಮ್ನ ಕುಂದರ್ರಿ, ಅಷ್ಟ ಸಾಕು." ನೀಲವ್ವ ಒಳಗಿನಿಂದಲೇ, ನಾನು ಸುಮ್ಮನೆ ಕೂತದ್ದನ್ನು ಮದುವೆಯಾದಂದಿನಿಂದ ತಾನು ನೋಡಿಲ್ಲವೆಂದು ಹೇಳಿದಳು. ಅದನ್ನು ನಾನು ಚೇಷ್ಟೆಯೆಂದು ಭಾವಿಸಿದೆ.

ಮೊದಲ ದಿನ ಸುಮ್ಮನೆ ಕುಳಿತೆ. ಮಕ್ಕಳು ಇಬ್ಬಿಬ್ಬರಾಗಿ ಒಂದೊಂದು ಯಂತ್ರದ ಮುಂದೆ ಕುಳಿತು ಪಿಸುಗುಟ್ಟುತ್ತಿದ್ದರು, ತಲೆ ಕೆರೆದುಕೊಳ್ಳುತ್ತಿದ್ದರು, ಮತ್ತೆ ಮತ್ತೆ ತಪ್ಪುತ್ತಿದ್ದರು. ಗುರುವಿನ ಸ್ಥಾನದಲ್ಲಿ ಕುಳಿತು ತಪ್ಪನ್ನು ನೋಡುತ್ತ ಸುಮ್ಮನಿರುವುದು ಎಂಥ ಕಠಿಣ ತಪಸ್ಸೆಂಬುದು ಸಂಜೆಯ ಹೊತ್ತಿಗೆ ತಿಳಿಯಿತು. ಎರಡನೆಯ ದಿನ ತಪೋಭಂಗವಾಯಿತು. ಆ ಪ್ರೋಗ್ರಾಮು ಸರಿಯಾಗಿ ಎಲ್ಲಿಯಾದರೂ ಅಚ್ಚಾಗಿದೆಯೇ ಎಂದು ಕೇಳಿದೆ. ಪುಸ್ತಕದಲ್ಲಿದೆ ಎಂದರು. ಹಾಗಾದರೆ ತಲೆ ಕೆರೆದುಕೊಳ್ಳುವುದೇಕೆ, ಓದಿರೆಂದೆ. ಕುಲಗೋಡದಿಂದ ಬಂದು ಹಾಸ್ಟೆಲ್ಲಿನಲ್ಲಿರುವ ಲಕ್ಷ್ಮಿ ಎಂಬ ಹುಡುಗಿ ಎದ್ದು, "ಮ್ಯಾಡಂ ಪುಸ್ತಕಾ ನೋಡಬ್ಯಾಡ್ರಿ ಅಂದಾರ್ರಿ ಅಜ್ಜಾರ" ಎಂದಳು. ಮ್ಯಾಡಂ ನನ್ನ ಸೊಸೆಯೆಂದು ನೆನಪಿಸಿ ಕೂರಿಸಿದೆ.

ಓದಿದರು. ಕೇಳುತ್ತ ಕೇಳುತ್ತ ನನ್ನ ಕಿವಿ ನೆಟ್ಟಗಾಯಿತು. "ಫಾರ್ ಐ ಈಕ್ವಲ್ ಟು ಝೀರೋ, ಐ ಲೆಸ್ ದ್ಯಾನ್ ಎನ್" ಎಂಬುದರಲ್ಲಿ ಸೊಗಸಾದ ನಡೆಯೊಂದಿತ್ತು. ಅರ್ಥ ತಿಳಿಯದಿದ್ದರೂ ಗತಿ ತಿಳಿಯಿತು. ನನಗೆ ಅಷ್ಟು ಸಾಕು. ಸಾಲು ಸಾಲಿಗೆ ರಾಗವಿಟ್ಟೆ. ಬಿಲ್ಲಿನಂತೆ ಬಾಗಿದ ಆವರಣಚಿಹ್ನೆ ತೆರೆದಾಗ ಸ್ವರ ಏರಬೇಕು, ಮುಚ್ಚಿದಾಗ ಇಳಿಯಬೇಕು. ಸಾಲು ಮುಗಿಸುವ ಸೆಮಿಕೋಲನ್ ಬಂದಲ್ಲಿ ಬಲಗೈಯಿಂದ ತೊಡೆಯ ಮೇಲೆ ಒಂದು ತಾಳ. ಮಕ್ಕಳಿಗೆ ಎಲ್ಲಿಲ್ಲದ ಆನಂದ. ವಾರ ಮುಗಿಯುವುದರೊಳಗೆ ಇಡೀ ತರಗತಿ ಕಣ್ಣುಮುಚ್ಚಿ, ಒಂದಕ್ಷರ ತಪ್ಪದೆ, ಒಂದೇ ಕಂಠದಲ್ಲಿ ಹೇಳುವಂತಾಯಿತು. ಬಸ್ಸಿನಲ್ಲಿಯೂ ಗುನುಗುತ್ತಿದ್ದರು. ಶೈಲಾ ದಿನವೂ ಮೂಡಲಗಿಯಿಂದ ಫೋನು ಮಾಡಿ ಕೇಳುವಳು. ನಾನು ಎಲ್ಲವೂ ಸುಸೂತ್ರವೆನ್ನುವೆನು. ಬಂದ ಮೇಲೆ ಕೇಳಿ ಬೆರಗಾಗಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ಈ ವಿಷಯದಲ್ಲಿ ಮಾತ್ರ ನನ್ನ ಇಷ್ಟಾರ್ಥ ಪೂರ್ಣವಾಗಿ ಈಡೇರಿತು.

ಪರಿಶೀಲನೆಯ ದಿನ ಆಕೆ ಮೂಡಲಗಿಯಿಂದ ನೇರ ಕಾಲೇಜಿಗೆ ಬಂದಳು. ನಾನು ರೇಶಿಮೆಯ ಶಾಲು ಹೊದ್ದು, ಕರೆಯದಿದ್ದರೂ ಹೋಗಿ, ಹಿಂದಿನ ಬೆಂಚಿನಲ್ಲಿ ಆಸೀನನಾದೆ. ಪರಿಶೀಲಕರಾಗಿ ಬಂದ ನಡುವಯಸ್ಸಿನ ಹೆಣ್ಣುಮಗಳು ಮೃದುವಾಗಿಯೇ ಮಾತಾಡಿದರು. ಜೋಡಿಸುವ ಪ್ರೋಗ್ರಾಮು ಗೊತ್ತೇ ಎಂದು ಒಬ್ಬ ಹುಡುಗನನ್ನು ಕೇಳಿದರು. ಅವನು ಎದ್ದು ಕೈಮುಗಿದು ಕಣ್ಣುಮುಚ್ಚಿ ಆರಂಭಿಸಿದ. ಎರಡನೆಯ ಸಾಲಿಗೆ ಇಡೀ ತರಗತಿ ದನಿಗೂಡಿಸಿತು. ಸೆಮಿಕೋಲನ್ ಬಂದಾಗಲೆಲ್ಲ ತೊಡೆಗಳು ಒಟ್ಟಿಗೆ ಸದ್ದು ಮಾಡಿದವು. ಮುಗಿದಾಗ ಆ ಪರಿಶೀಲಕ ತಾಯಿ, "ಭಾಳ ಛಲೋ ಅಂತೀರಿ" ಎಂದರು. ನಾನು ಶಾಲು ಸರಿಪಡಿಸಿಕೊಂಡೆ. ಆ ಸರಿಪಡಿಸಿಕೊಂಡ ಶಾಲನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಏಕೆಂದರೆ ಅವರು ಮುಂದುವರಿದು ಕೇಳಿದರು. "ಇದು ಸಣ್ಣದರಿಂದ ದೊಡ್ಡದಕ್ಕ ಆತು. ಈಗ ದೊಡ್ಡದರಿಂದ ಸಣ್ಣದಕ್ಕ ಬೇಕಂದ್ರ ಏನ ಬದಲ ಮಾಡ್ತಿ?" ಹುಡುಗ ಕಣ್ಣುಮುಚ್ಚಿ ಮತ್ತೆ ಮೊದಲಿನಿಂದ ಆರಂಭಿಸಿದ. ತಡೆದು, ಹೋಗಲಿ, ಮೂರನೆಯ ಸಾಲು ಏನು ಕೆಲಸ ಮಾಡುತ್ತದೆ ಹೇಳೆಂದರು. ಅವನ ತುಟಿಗಳು ಮೆಲ್ಲಗೆ ಅಲುಗಿದವು. ಮೂರನೆಯ ಸಾಲಿಗೆ ಹೋಗಲು ಅವನು ಮೊದಲನೆಯದರಿಂದ ಹೊರಟಿದ್ದ. ನನಗೆ ಅದು ಚೆನ್ನಾಗಿ ಗೊತ್ತು; ನಾನೂ ಹಾಗೆಯೇ ಹೋಗುವವನು. ಆ ಕ್ಷಣದಲ್ಲಿ, ದಿನವೂ ಪೂಜೆಯಲ್ಲಿ ಹೇಳುವ ಸ್ತೋತ್ರದ ನಡುವಿನ ಒಂದು ಸಾಲನ್ನು ಮನಸ್ಸಿನಲ್ಲಿ ಹಿಡಿಯಲು ನೋಡಿದೆ. ಸಿಗಲಿಲ್ಲ. ಮೊದಲಿನಿಂದ ಹೊರಡಬೇಕಾಯಿತು.

"ಆಡಿಸಿ ಕಲಸ್ತಾರಂತ ಕೇಳಿದ್ದೆ," ಎಂದು ಆ ತಾಯಿ ಪ್ರಾಚಾರ್ಯರ ಕಡೆ ತಿರುಗಿದರು, "ಇವರು ಭಜನೀನ ಕಲಿಸ್ಯಾರಲ್ರಿ. ಇದಕ್ಕಿಂತ ಹೇಳಿ ಬರಸೂದ ಪಾಡ." ಪ್ರಾಚಾರ್ಯರು ನನ್ನ ಕಡೆ ನೋಡಿ, ಕೂಡಲೇ ಕಿಟಕಿಯ ಕಡೆ ನೋಡಿದರು. ಶೈಲಾ ತಿರುಗಿಯೂ ನೋಡಲಿಲ್ಲ. ನನ್ನನ್ನು ತೋರಿಸಿ ಒಂದು ಮಾತು ಅಂದಿದ್ದರೆ ಆಕೆಯ ಅವಧಿಯ ದುಡಿಮೆ ಉಳಿಯುತ್ತಿತ್ತು. ಆಕೆ ಅನ್ನಲಿಲ್ಲ. ಮೇಜಿನ ಅಂಚು ಹಿಡಿದು ತಲೆತಗ್ಗಿಸಿ ನಿಂತಳು. ಸೊಸೆ ಹೀಗೆ ತಲೆತಗ್ಗಿಸಿ ನಿಲ್ಲುವುದನ್ನು ಮರ್ಯಾದೆಯೆಂದು ಎಷ್ಟೋ ಪ್ರವಚನಗಳಲ್ಲಿ ಕೊಂಡಾಡಿದ್ದೇನೆ.

ಎದ್ದು ನಿಂತೆ. ಒಂದು ಶಬ್ದದ ಮೇಲೆ ಇಡೀ ಸಂಜೆ ಮಾತಾಡಬಲ್ಲ ನಾನು ಮೂರೇ ಮಾತು ಆಡಿದೆ. "ತಾಯಿ, ಇದು ಆಕಿ ಕಲಿಸಿದ್ದಲ್ಲರಿ. ಬ್ಯಾಡಂದ್ರೂ ನಾ ಕಲಿಸಿದ್ದು. ಆಕಿ ಊರಾಗ ಇರಲಿಲ್ಲ."

"ನೀವು ಯಾವ ವಿಷಯದ ಪ್ರೊಫೆಸರ್ರಿ?"

"ಪುರಾಣರಿ."

ಮಕ್ಕಳು ನಕ್ಕರು. ಆ ತಾಯಿ ನಗು ತಡೆದುಕೊಂಡು, ಹಾಗಾದರೆ ಶೈಲಾ ತಾನು ಕಲಿಸಿದ್ದನ್ನು ತೋರಿಸಲಿ ಎಂದರು. ಎಲ್ಲರೂ ಅಂಗಳಕ್ಕೆ ಇಳಿದೆವು. ಶೈಲಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನನ್ನ ಕಡೆ ನೋಡಿದಳು. "ಬರ್ರಿ ಮಾವಾರ, ನೀವೂ ನಿಂದರ್ರಿ." ನಾನು ಹೋಗಿ, ಹಿರಿಯನಾದ್ದರಿಂದ, ಸಾಲಿನ ಮೊದಲ ಜಾಗದಲ್ಲಿ ನಿಂತೆ. ದೊಡ್ಡವರಿಂದ ಸಣ್ಣವರಿಗೆ ಜೋಡಿಸಿಕೊಳ್ಳಿರೆಂದಳು. ಮಕ್ಕಳ ಬಾಯಲ್ಲಿ ಇನ್ನೂ ನನ್ನ ರಾಗವಿತ್ತು. ಅದನ್ನೇ ಗುನುಗುತ್ತ, ಎಡಗಡೆಯವನು ಎತ್ತರವಿದ್ದರೆ ಮಾತ್ರ ಜಾಗ ಬದಲಿಸುತ್ತ ಹೋದರು. ಸಾಲು ತಲೆಕೆಳಗಾಗಿ ಜೋಡಣೆಯಾಗತೊಡಗಿತು. ನಾನು ಮಾತ್ರ ಮೊದಲ ಜಾಗದಲ್ಲಿ ಅಚಲನಾಗಿ ನಿಂತಿದ್ದೆ, ಮತ್ತು ಇದು ಸರಿಯಾಗಿಯೇ ನಡೆಯುತ್ತಿದೆಯೆಂದು ತಿಳಿದಿದ್ದೆ.

ಶೈಲಾ ಎಂದಿನಂತೆ, ಯಾಕೆ ತಪ್ಪಾಯಿತೆಂದು ಕೇಳಿ ಕೈಕಟ್ಟಿ ಕಾದಳು. ಉತ್ತರ ಹೇಳಿಕೊಡಬೇಕೆಂದು ನನ್ನ ನಾಲಿಗೆ ತುರಿಸಿತು. ಉತ್ತರ ಗೊತ್ತಿಲ್ಲದ್ದರಿಂದ ಬಚಾವಾದೆ. ಲಕ್ಷ್ಮಿ ಹುಬ್ಬುಗಂಟಿಕ್ಕಿ ಸಾಲನ್ನು ನೋಡುತ್ತಿದ್ದವಳು, ಗುನುಗುವುದನ್ನು ನಿಲ್ಲಿಸಿದಳು. "ಮ್ಯಾಡಂ, ಎತ್ತರ ಅದೀಯೇನು ಅಂತ ಕೇಳಾಕತ್ತೇವಿ. ಗಿಡ್ಡ ಅದೀಯೇನು ಅಂತ ಕೇಳಬೇಕ್ರಿ. ಮೂರನೇ ಸಾಲಿನ್ಯಾಗ ಚಿಹ್ನಿ ತಿರುವಿದ್ರ ಆತು, ಉಳದದ್ದೆಲ್ಲಾ ಹಂಗ ಇರ್ತೈತಿ." ಪಕ್ಕದವರು ಮುಖಮುಖ ನೋಡಿಕೊಂಡರು, ಹೌದೆಂದರು, ನಗತೊಡಗಿದರು. ಅಂಗಳದಲ್ಲಿ ಒಮ್ಮೆಲೆ ಗದ್ದಲವಾಯಿತು. ಎಂದೋ ಡಬ್ಬಿ ಹಿಡಿದು ನಿಂತು ನಾನು ಮರುಗಿದ್ದ ಗದ್ದಲ ಅದೇ.

ಮತ್ತೆ ಆರಂಭವಾಯಿತು. ಲಕ್ಷ್ಮಿ ನನ್ನ ಪಕ್ಕದಲ್ಲಿದ್ದಳು. ಬೆನ್ನಿಗೆ ಬೆನ್ನು ಹಚ್ಚಿ ನೋಡಿ, "ಅಜ್ಜಾರ, ನೀವ ಗಿಡ್ಡ ಅದೀರಿ. ಈ ಕಡೆ ಸರೀರಿ" ಎಂದಳು. ಸರಿದೆ. ಮುಂದಿನವನೂ ಅದನ್ನೇ ಹೇಳಿದ. ಅದರ ಮುಂದಿನವನೂ. ಹೀಗೆ ಒಬ್ಬೊಬ್ಬರಿಂದಲೂ ನನ್ನ ಅಳತೆಯನ್ನು ಗೌರವಪೂರ್ವಕವಾಗಿ ಕೇಳಿಸಿಕೊಳ್ಳುತ್ತ, ರೇಶಿಮೆಯ ಶಾಲಿನ ಸಮೇತ, ಒಂದೇ ಸುತ್ತಿನಲ್ಲಿ ಮೊದಲ ಜಾಗದಿಂದ ಕೊನೆಯ ಜಾಗಕ್ಕೆ ಬಂದು ನಿಂತೆ. ಶೈಲಾ ಪರಿಶೀಲಕರಿಗೆ, ಈ ಕ್ರಮದಲ್ಲಿ ಒಂದು ಸುತ್ತು ಮುಗಿಯುವಷ್ಟರಲ್ಲಿ ಎಲ್ಲಕ್ಕಿಂತ ಸಣ್ಣದು ತಪ್ಪದೆ ಕೊನೆಗೆ ಹೋಗಿ ಸೇರುತ್ತದೆಂದು ವಿವರಿಸುತ್ತಿದ್ದಳು. ಅಂಕಿಗಳ ವಿಷಯವಾಗಿಯೇ ಹೇಳಿದಳೆಂದು ನಂಬಿದ್ದೇನೆ.

ಆ ತರಗತಿ ಆಕೆಯ ರೀತಿಯಲ್ಲಿಯೇ ಮುಂದುವರಿಯಲೆಂದು ಅಪ್ಪಣೆಯಾಯಿತು. ಜೊತೆಗೆ, ಪಾಠದ ವೇಳೆಯಲ್ಲಿ ಹೊರಗಿನವರನ್ನು ಒಳಗೆ ಬಿಡಕೂಡದೆಂಬ ಸೂಚನೆಯೂ ಆಯಿತು. ಬಸ್ಸಿನಲ್ಲಿ ಮರಳುವಾಗ ನಾನು ಕ್ಷಮೆ ಕೇಳಲು ಹೊರಟು, ಪೀಠಿಕೆಯನ್ನು ಸ್ವಲ್ಪ ಉದ್ದ ಮಾಡಿದೆ. ಶೈಲಾ ನನ್ನ ಚೀಲವನ್ನು ತನ್ನ ಮಡಿಲಿಗೆ ತೆಗೆದುಕೊಂಡು, "ಇರ್ಲಿ ಬಿಡ್ರಿ ಮಾವಾರ, ರಾಗಾ ಛಲೋ ಇತ್ತು" ಎಂದಳು. ಅದಕ್ಕಿಂತ ಒಂದು ಬೈಗಳ ಹಗುರವಾಗುತ್ತಿತ್ತು.

ಮರುದಿನ ಪೂಜೆಗೆ ಕುಳಿತು ಸ್ತೋತ್ರ ಆರಂಭಿಸಿದೆ. ಮೂರನೆಯ ಸಾಲಿಗೆ ಬಂದಾಗ ಬಾಯಿ ತಾನಾಗಿ ನಿಂತಿತು. ಈ ಸಾಲು ಏನು ಕೆಲಸ ಮಾಡುತ್ತದೆ? ಬಾಲ್ಯದಿಂದ ಹೇಳುತ್ತ ಬಂದ ಸಾಲು. ಎಂದಾದರೂ ತಾನೇ ಬರುವುದೆಂದಿದ್ದ ಅರ್ಥವನ್ನು ಬರಮಾಡಿಕೊಳ್ಳಲು ನಾನು ಎಂದೂ ಬಾಗಿಲಿಗೆ ಹೋಗಿರಲಿಲ್ಲ. ಅಂಗೈಯಲ್ಲಿ ಲಿಂಗವನ್ನು ಹಿಡಿದುಕೊಂಡೇ ಪದ ಪದ ಬಿಡಿಸುತ್ತ ಕುಳಿತೆ. ಅಡಿಗೆಮನೆಯಿಂದ ನೀಲವ್ವ ಎರಡು ಸಲ ಇಣುಕಿದಳು. "ಇವತ್ತ್ಯಾಕ ಇಷ್ಟ ತಡಾ? ಉಪ್ಪಿಟ್ಟ ಆರಾಕತ್ತೈತಿ." ಮೂರನೆಯ ಸಾಲಿನಲ್ಲಿದ್ದೇನೆ ಎಂದೆ. ದಿನವೂ ಇಷ್ಟರಲ್ಲಿ ಮಂಗಳಾರತಿ ಮುಗಿದಿರುತ್ತಿತ್ತಲ್ಲ ಎಂದು ಆಶ್ಚರ್ಯಪಟ್ಟಳು. ಹೌದು, ದಿನವೂ ಮುಗಿದಿರುತ್ತಿತ್ತು.

ತಪ್ಪಿ, ತಿದ್ದಿಕೊಂಡು, ನಗುತ್ತ ಕಲಿತ ಆ ಮಕ್ಕಳಿಗೆ ಒಳ್ಳೆಯದಾಗಲಿ. ಪ್ರಶ್ನೆಯನ್ನು ತಿರುವಿದ ಲಕ್ಷ್ಮಿಗೆ ದೀರ್ಘಾಯುಷ್ಯವಿರಲಿ. ಎರಡನೆಯ ಸಲ ನೋಡಲು ಒಪ್ಪಿದ ಪರಿಶೀಲಕ ತಾಯಿಗೂ, ಕಿಟಕಿಯ ಕಡೆ ನೋಡಿದ ಪ್ರಾಚಾರ್ಯರಿಗೂ, ಮೂಡಲಗಿಯ ಬೀಗತಿಯ ಕಾಲಿಗೂ ಶುಭವಾಗಲಿ. ತಲೆತಗ್ಗಿಸಿ ನಿಂತ ಸೊಸೆ ಇನ್ನು ಮುಂದೆ ನನ್ನ ದೆಸೆಯಿಂದ ಹಾಗೆ ನಿಲ್ಲದಿರಲಿ. ಸಾಲಿನ ಕೊನೆಯಲ್ಲಿ ನಿಂತ ಮುದುಕನಿಗೆ, ಮೂರನೆಯ ಸಾಲು ದಾಟುವಷ್ಟು ಕಾಲವನ್ನು ಶಿವನು ಕರುಣಿಸಲಿ. ಅಷ್ಟರವರೆಗೆ ಅವನ ಬಲಗೈ, ಪ್ರತಿ ಸಾಲಿನ ಕೊನೆಗೂ, ತೊಡೆಯ ಮೇಲೆ ತಾಳ ಹಾಕದಂತೆ ಕಾಯಲಿ.