ಕೆಂಪು ಗೆರೆ, ನೀಲಿ ಗೆರೆ

ಬೈಲಹೊಂಗಲದಲ್ಲಿ ಸೈಬರ್ ಕೆಫೆ ಇಟ್ಟವನು ನಗಲಿಕ್ಕೆಂದು ನಾಟಕಕ್ಕೆ ಹೋಗಬೇಕಾಗಿಲ್ಲ. ಶಟರ್ ಎತ್ತಿದರೆ ಸಾಕು, ಪಾತ್ರಧಾರಿಗಳು ತಾವಾಗಿಯೇ ಬಂದು ಕೂರುತ್ತಾರೆ. ಎರಡು ಸಾವಿರದ ಐದರ ಸುಮಾರಿಗೆ ನನ್ನ ಕಾಯಂ ಪಾತ್ರಧಾರಿಗಳು ಇಬ್ಬರು: ಒಬ್ಬರು ನಿವೃತ್ತ ಗಣಿತ ಮಾಸ್ತರರು, ಇನ್ನೊಬ್ಬ ಅವರ ಹಳೆಯ ಶಿಷ್ಯ, ಈಗ ಹತ್ತಿ ವ್ಯಾಪಾರಿ.

೧. ಪಂದ್ಯ

ಇಬ್ಬರಿಗೂ ಆನ್‌ಲೈನ್ ಚೆಸ್ ಹುಚ್ಚು. ಗೆದ್ದರೆ ಏರುವ, ಸೋತರೆ ಇಳಿಯುವ ರೇಟಿಂಗ್ ಎಂಬ ಅಂಕಿಯೇ ಅವರ ಪ್ರಾಣ. ಪ್ರತಿ ಸೋಮವಾರ ನಾನು ಇಬ್ಬರ ಹೆಸರನ್ನೂ ಹುಡುಕಿ, ರೇಟಿಂಗ್ ನೋಡಿ, ಗೋಡೆಯ ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಬೇಕು. ಮಾಸ್ತರರದು ಕೆಂಪು ಗೆರೆ, ವ್ಯಾಪಾರಿಯದು ನೀಲಿ. ದಸರೆಗೆ ಯಾರ ಗೆರೆ ಕೆಳಗಿರುತ್ತದೋ ಅವರು ಬನ್ನಿ ಕೊಡುವಾಗ ಗೆದ್ದವರ ಕಾಲಿಗೆ ಬೀಳಬೇಕು. ಅದೂ ಓಣಿಯವರ ಎದುರಿಗೆ.

“ಸೋತರ ಶಿಷ್ಯನ ಕಾಲಿಗೆ ಬೀಳತೀರೇನ್ರಿ ಸರ?” ಎಂದೆ.

“ಇವನ ಲೆಕ್ಕದ ಪೇಪರ್ ನೋಡೇನಿ ನಾ. ಚಿಂತಿ ಇಲ್ಲ,” ಎಂದರು.

೨. ತೇಜಿ

ಶ್ರಾವಣದಲ್ಲಿ ನೀಲಿ ಗೆರೆ ಮೇಲೆ ಹೋಯಿತು. ಮರುದಿನದಿಂದ ವ್ಯಾಪಾರಿ ಬರುತ್ತಾನೆ, ಚಹಾ ಕುಡಿಯುತ್ತಾನೆ, ಆಟ ಮಾತ್ರ ಮುಟ್ಟುವುದಿಲ್ಲ.

“ಯಾಕ್ರಿ?” ಎಂದೆ.

“ಹತ್ತಿ ಪ್ಯಾಟ್ಯಾಗಿನಂಗ ರೇಟ್ ತೇಜಿ ಐತಿ, ಏರಿ ನಿಂತೈತಿ. ಈಗ ಆಡಿ ಕೆಡಿಸ್ಕೊಳ್ಳಾಕ ನನಗೇನು ಹುಚ್ಚೇನು? ದಸರಾತನಕ ಹಿಂಗ ಹಿಡಕೊಂಡ ಕುಂಡ್ರತೇನಿ.”

ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. “ಸಾಲ್ಯಾಗೂ ಹಿಂಗ. ಪರೀಕ್ಷಾಕ್ಕ ಕುಂಡ್ರದಿದ್ರ ಫೇಲ್ ಆಗಾಂಗಿಲ್ಲ ಅಂತ ಮನ್ಯಾಗ ಕುಂತಿದ್ದ.”

ರೋಷ ಬಂದು ಅವನು ಆಡಲು ಕೂತ. ಸೋಮವಾರದೊಳಗೆ ತೇಜಿಯೆಲ್ಲ ಇಳಿಯಿತು.

೩. ಸ್ಕೇಲು

ಮಾಸ್ತರರ ಗೆರೆ ಇಳಿದರೆ ತಪ್ಪು ಹಾಳೆಯದು. “ಸ್ಕೇಲ್ ಬದಲಿ ಮಾಡು,” ಎಂದು ಒಂದು ಚೌಕಕ್ಕೆ ನೂರು ಅಂಕ ಇಡಿಸಿದರು. ಕುಸಿತ ಕಾಣದಂತಾಯಿತು. ಗೆರೆ ಏರತೊಡಗಿದಾಗ ಚೌಕಕ್ಕೆ ಐದೇ ಅಂಕ! ಕೆಂಪು ಗೆರೆ ಹಾಳೆ ಮುಗಿಸಿ, ಕ್ಯಾಲೆಂಡರ್ ದಾಟಿ, ಟ್ಯೂಬ್‌ಲೈಟಿನ ತನಕ ಹೋಯಿತು. ಮುನವಳ್ಳಿಯಿಂದ ಬಂದ ಗಿರಾಕಿಯೊಬ್ಬರು ಬಹಳ ಹೊತ್ತು ಅದನ್ನೇ ನೋಡಿ, ಧ್ವನಿ ತಗ್ಗಿಸಿ ಕೇಳಿದರು: “ಯಾರದ್ರಿ ಈ ಇ.ಸಿ.ಜಿ.? ಅವರು ಇನ್ನ ಅದಾರೇನ್ರಿ?”

೪. ಬನ್ನಿ

ದಸರೆಗೆ ಮೂರು ವಾರ ಇರುವಾಗ ಅಂಗಡಿಗೆ ಸುಣ್ಣ ಹೊಡೆಸಿ, ಹೊಸ ಗ್ರಾಫ್ ಹಾಳೆ ಅಂಟಿಸಿದೆ. ಅಲ್ಲಿಂದ ವಿಚಿತ್ರ ಶುರುವಾಯಿತು. ಮಾಸ್ತರರು ದಿನಾ ಸೋಲುತ್ತಿದ್ದರು, ಕೆಂಪು ಗೆರೆ ಏರುತ್ತಿತ್ತು. ವ್ಯಾಪಾರಿ ದಿನಾ ಗೆಲ್ಲುತ್ತಿದ್ದ, ನೀಲಿ ಗೆರೆ ನೆಲದ ಕಡೆ ಹೊರಟಿತ್ತು.

“ನೀ ಸರ್ ಕಡೆ ಆಗಿ ಗೆರಿ ಎಳ್ಯಾಕ ಹತ್ತೀದಿ!” ಎಂದು ವ್ಯಾಪಾರಿ ನನ್ನ ಮೇಲೆ ಹರಿಹಾಯ್ದ.

“ಗ್ರಾಫ್ ಎಂದೂ ಸುಳ್ಳು ಹೇಳಾಂಗಿಲ್ಲಪಾ,” ಎಂದರು ಮಾಸ್ತರರು. ಆಗಷ್ಟೇ ಆ ದಿನದ ನಾಲ್ಕನೆಯ ಆಟ ಸೋತಿದ್ದರು.

ಬನ್ನಿಯ ಸಂಜೆ ವ್ಯಾಪಾರಿಯ ಕಾಟಕ್ಕೆ ಕೂತು ತಪಾಸು ಮಾಡಿದೆ. ತಪ್ಪು ನನ್ನದೇ. ಸುಣ್ಣ ಹೊಡೆದ ಮೇಲೆ ಇಬ್ಬರ ಕಂಪ್ಯೂಟರುಗಳನ್ನೂ ಅದಲುಬದಲಾಗಿ ಇಟ್ಟಿದ್ದೆ. ಹೆಸರು, ಪಾಸ್‌ವರ್ಡ್ ಎಲ್ಲ ಕಂಪ್ಯೂಟರೇ ನೆನಪಿಟ್ಟುಕೊಂಡಿತ್ತು. ಇವರು ತಮ್ಮ ಕುರ್ಚಿ ನೋಡಿ ಕೂತರೇ ಹೊರತು ಹೆಸರು ನೋಡಲಿಲ್ಲ. ಶಿಷ್ಯ ಗುರುವಿನ ಹೆಸರಲ್ಲಿ ಗೆದ್ದಿದ್ದ, ಗುರು ಶಿಷ್ಯನ ಹೆಸರಲ್ಲಿ ಸೋತಿದ್ದರು.

“ಹಂಗಾರ ಗೆದ್ದಾಂವ ನಾನ್ರಿ ಸರ,” ಎಂದು ವ್ಯಾಪಾರಿ ಚಪ್ಪಲಿ ಕಳಚಿ ಕಾಲು ಮುಂದಿಟ್ಟ. ಬಾಗಿಲಲ್ಲಿ ಓಣಿಯೇ ನೆರೆದಿತ್ತು. ಮಾಸ್ತರರ ಮುಖ ಕಂಡು ನನಗೆ ನಿಜಕ್ಕೂ ಪಾಪ ಅನಿಸಿತು.

ಅವರು ಬಗ್ಗಲಿಲ್ಲ. “ಒಂಬತ್ತನೇ ಕ್ಲಾಸಿನ ಗಣಿತದಾಗ ನಿನಗ ಎಷ್ಟು ಬಿದ್ದಿದ್ವು?”

“ಮೂವತ್ತೈದ್ರಿ ಸರ.”

“ನೀ ಬರದದ್ದು ಇಪ್ಪತ್ತೆರಡರದು. ಉಳದ ಹದಿಮೂರು ಯಾರು ಏರಿಸಿದ್ರು? ಅವತ್ತ ನಾ ನಿಂದು ಏರಿಸಿದೆ, ಈಗ ನೀ ನಂದು ಏರಿಸಿದಿ. ಚುಕ್ತಾ ಆತು. ಕೆಂಪು ಗೆರಿ ಮ್ಯಾಲೈತಿ, ಬೀಳು.”

ಅವನು ಬಿದ್ದ. ಎದ್ದು, ಬನ್ನಿ ಕೊಟ್ಟು, ಗಾಬರಿಯಿಂದ ಕೇಳಿದ: “ಸರ, ಇಂಗ್ಲಿಷಿನ್ಯಾಗೂ ನನಗ ಮೂವತ್ತೈದ ಬಿದ್ದಿದ್ವು. ಆ ಸರ್ ಕಾಲಿಗೂ ಹೋಗಿ ಬೀಳಬೇಕೇನ್ರಿ?”